ಅಮ್ಮನ ಕಣಗಿಲೆ, ನನ್ನ ಆಮೆ

"ನಿಮ್ಮಪ್ಪ ನೆಟ್ಟಿದ್ ಗಿಡ ಕಣ್ಲಾ ಅದು. ಒಂದ್ ಆಮೆಗೋಸ್ಕರ ಕಡ್ದಾಕ್ತೀಯಾ?"

ಪಾಂಡವಪುರದ ನಮ್ಮ ಮನೆಯ ಕಾಂಪೌಂಡ್ ಪಕ್ಕ ಮಚ್ಚು ಹಿಡಿದು ನಿಂತಿದ್ದೆ. ಎದುರಿಗೆ ಗುಲಾಬಿ ಬಣ್ಣದ ಹೂ ಬಿಡುವ ಕಣಗಿಲೆ. ಅಪ್ಪ ಹೋಗಿ ನಾಲ್ಕು ವರ್ಷವಾಯ್ತು. ಅಮ್ಮ ದಿನಾ ಬೆಳಗ್ಗೆ ಆ ಗಿಡದಿಂದ ಐದಾರು ಹೂ ಕಿತ್ತು ಮೊದಲು ಶಿವನ ಫೋಟೋಗೆ, ಆಮೇಲೆ ಅಪ್ಪನ ಫೋಟೋಗೆ ಇಡುತ್ತಾಳೆ. ಕೆಳಗೆ ನನ್ನ ಕಾಲ ಬಳಿ ಎಂಟು ಕೆಜಿ ತೂಕದ ಗುಂಡ ಕತ್ತು ಉದ್ದ ಮಾಡಿಕೊಂಡು, ಒಣಗಿ ಬಿದ್ದಿದ್ದ ಒಂದು ಕಣಗಿಲೆ ಎಲೆಯ ಕಡೆಗೆ ನಿಧಾನಕ್ಕೆ ನಡೆಯುತ್ತಿದ್ದ.

ಎಲೆ ಎತ್ತಿ ಆಚೆ ಎಸೆದೆ. ಮಚ್ಚು ಕೆಳಗಿಟ್ಟೆ. ಅವತ್ತು ಅಮ್ಮ, ನಾನು ಮಾತಾಡಲಿಲ್ಲ.

ಗುಂಡ ಬಂದದ್ದು ಹೀಗೆ

ಗುಂಡ ಸಲ್ಕಾಟಾ ಜಾತಿಯ ನೆಲದ ಆಮೆ. ಮೂಲ ಊರು ಆಫ್ರಿಕಾ, ಸಹಾರಾ ಮರುಭೂಮಿಯ ದಕ್ಷಿಣ ಅಂಚು. ಗೆಳೆಯನೊಬ್ಬ ಕೆಲಸಕ್ಕೆಂದು ಜರ್ಮನಿಗೆ ಹೊರಟಾಗ ಕಾಗದಪತ್ರದ ಸಮೇತ ನನಗೆ ಕೊಟ್ಟು ಹೋದ. ಆಗ ನನಗೆ ಗೊತ್ತಿದ್ದದ್ದು ಇಷ್ಟೇ: ಬೊಗಳಲ್ಲ, ವಾಕಿಂಗ್ ಬೇಡ, ವರ್ಕ್ ಫ್ರಮ್ ಹೋಮ್‌ಗೆ ಹೇಳಿ ಮಾಡಿಸಿದ ಪೆಟ್.

ಎಲ್ಲಾ ತಪ್ಪು. ಸಲ್ಕಾಟಾ 40-50 ಕೆಜಿವರೆಗೂ ಬೆಳೆಯುತ್ತೆ. ಐವತ್ತು ವರ್ಷಕ್ಕೂ ಹೆಚ್ಚು ಬದುಕುತ್ತೆ. ಅಂದರೆ ನಾನು ರಿಟೈರ್ ಆದ ಮೇಲೂ ಇವನಿಗೆ ಊಟ ಹಾಕುತ್ತಿರಬೇಕು. ಬೆಂಗಳೂರಿನ ಎರಡನೇ ಮಹಡಿಯ ಬಾಲ್ಕನಿಯಲ್ಲಿ ದಿನವಿಡೀ ಗೋಡೆ ಕೆರೆಯುತ್ತಿದ್ದವನನ್ನು ಮೂರು ತಿಂಗಳಲ್ಲೇ ಕಾರಿನಲ್ಲಿ ಕೂರಿಸಿಕೊಂಡು ಊರಿಗೆ ತಂದೆ.

ಇಲ್ಲಿ ಒಂದು ಮಾತು ಖಡಕ್ಕಾಗಿ ಹೇಳಬೇಕು. ನಮ್ಮ ದೇಶದ್ದೇ ಆದ ನಕ್ಷತ್ರ ಆಮೆಯನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. "ಅದೃಷ್ಟ ಬರುತ್ತೆ" ಅಂತ ಯಾರಾದರೂ ಮಾರಲು ಬಂದರೂ ಅಷ್ಟೇ. ಚಿಪ್ಪಿನ ಮೇಲಿನ ಚಂದದ ನಕ್ಷತ್ರಗಳೇ ಅದಕ್ಕೆ ಶತ್ರು. ಕಳ್ಳಸಾಗಣೆಯಾಗಿ ಸಿಂಗಾಪುರದಲ್ಲಿ ಸಿಕ್ಕಿಬಿದ್ದಿದ್ದ 51 ನಕ್ಷತ್ರ ಆಮೆಗಳನ್ನು 2018ರಲ್ಲಿ ವಿಮಾನದಲ್ಲಿ ವಾಪಸ್ ಕರ್ನಾಟಕಕ್ಕೇ ತರಲಾಯಿತು. ಮರುವರ್ಷ, 2019ರಲ್ಲಿ, ಅಂತಾರಾಷ್ಟ್ರೀಯ ವಾಣಿಜ್ಯ ವ್ಯಾಪಾರವನ್ನು ತಡೆಯುವ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಗೆ ಅದು ಸೇರಿತು. ಗದ್ದೆ, ಕೆರೆಯಲ್ಲಿ ಸಿಗುವ ನೀರಾಮೆಗಳನ್ನೂ ಹಿಡಿದು ತರುವಂತಿಲ್ಲ. ಸಲ್ಕಾಟಾದಂಥ ವಿದೇಶಿ ಜಾತಿ ಇದ್ದರೆ ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕೈ ಬದಲಾದರೂ ತಿಳಿಸಬೇಕು.

ಸಲಾಡ್ ಅಲ್ಲ, ಹುಲ್ಲು

ಗೆಳೆಯ ಗುಂಡನಿಗೆ ಹಾಕುತ್ತಿದ್ದದ್ದು ಸೌತೆಕಾಯಿ, ಟೊಮೆಟೊ, ಎಲೆಕೋಸು, ಭಾನುವಾರ ಬಾಳೆಹಣ್ಣು. ನಾನೂ ಅದನ್ನೇ ಮುಂದುವರಿಸಿದೆ. ಚಿಪ್ಪಿನ ಒಂದೊಂದು ಬಿಲ್ಲೆಯೂ ಪುಟ್ಟ ಗೋಪುರದ ಹಾಗೆ ಉಬ್ಬಿರುವುದನ್ನು ನೋಡಿ ಅದು ಡಿಸೈನ್ ಅಂದುಕೊಂಡಿದ್ದೆ. ಬೆಂಗಳೂರಿನ ಪಶುವೈದ್ಯರೊಬ್ಬರು ನೋಡಿದ ಕೂಡಲೇ ತಲೆ ಅಲ್ಲಾಡಿಸಿದರು. ಮರಿಯಾಗಿದ್ದಾಗ ತೇವಾಂಶ ಸಾಲದೆ, ಊಟವೂ ಸರಿಯಿಲ್ಲದೆ ಬೆಳೆದರೆ ಚಿಪ್ಪು ಹೀಗಾಗುತ್ತಂತೆ. ಆದದ್ದನ್ನು ಸರಿ ಮಾಡೋಕಾಗಲ್ಲ, ಮುಂದೆ ಬೆಳೆಯುವುದನ್ನು ನೇರ ಮಾಡಬಹುದು ಅಂದರು.

ಅವರು ಹೇಳಿದ ಲೆಕ್ಕ ಸರಳ. ಸಲ್ಕಾಟಾ ಹಸುವಿನ ಹಾಗೆ ಮೇಯುವ ಜೀವಿ. ಊಟದಲ್ಲಿ ಸುಮಾರು 80 ಭಾಗ ಹುಲ್ಲೇ ಇರಬೇಕು, ಉಳಿದದ್ದು ಸೊಪ್ಪು, ಹೂವು. ರಂಜಕಕ್ಕಿಂತ ಕ್ಯಾಲ್ಸಿಯಂ ಕನಿಷ್ಠ ಎರಡು ಪಟ್ಟು ಇರಬೇಕು. ಆ ಕ್ಯಾಲ್ಸಿಯಂ ಮೈಗೆ ಹತ್ತಲು ಬಿಸಿಲು ಬೇಕು. ಸಿಹಿ ಹಣ್ಣು, ಕಾಳು, ಬೇಳೆ ಬೇಡ.

"ಹುಲ್ಲು ಅಂದ್ರೆ ಮಂಡ್ಯದಲ್ಲಿ ಕೊರತೆನಾ ಸಾರ್?" ಅಂತ ನಕ್ಕು ಬಂದೆ. ಆಮೇಲೆ ಗೊತ್ತಾಯ್ತು, ನನಗೆ ಹುಲ್ಲಿನ ಹೆಸರೂ ಗೊತ್ತಿಲ್ಲ, ಸೊಪ್ಪಿನ ಹೆಸರೂ ಗೊತ್ತಿಲ್ಲ. ಇಂಜಿನಿಯರಿಂಗ್ ಓದುವ ತನಕ ಇದೇ ಮನೆಯಲ್ಲಿ ಬೆಳೆದವನು ನಾನು.

ಬೆರಕೆ ಸೊಪ್ಪಿನ ಬುಟ್ಟಿ

ಅಮ್ಮನಿಗೆ ಗೊತ್ತಿತ್ತು. ಮಳೆ ಬಿದ್ದು ವಾರಕ್ಕೆ ಹೊಲದ ಬದುವಿಗೆ ಹೋಗಿ ಬುಟ್ಟಿ ತುಂಬ ಬೆರಕೆ ಸೊಪ್ಪು ತರುವವಳು ಅವಳು. ಅಣ್ಣೆ, ಹೊನಗೊನ್ನೆ, ಗೋಣಿ, ಗಣಿಕೆ, ಕಾಡು ದಂಟು... ನಾನು ಫೋನ್‌ನಲ್ಲಿ ಫೋಟೋ ತೆಗೆದು ಗಿಡ ಗುರುತಿಸುವ ಆ್ಯಪ್‌ಗೆ ಹಾಕುತ್ತಿದ್ದೆ. ಆ್ಯಪ್ ಮೂರು ಹೆಸರು ಕೊಟ್ಟು "ಇದರಲ್ಲೊಂದು ಇರಬಹುದು" ಅನ್ನುತ್ತಿತ್ತು. ಅಮ್ಮ ಫೋನ್ ಕಡೆ ನೋಡದೆ ಒಂದೇ ಹೆಸರು ಹೇಳುತ್ತಿದ್ದಳು.

ಆದರೆ ಅಮ್ಮನ ಬುಟ್ಟಿಯನ್ನೇ ಗುಂಡನ ಮುಂದೆ ಸುರಿಯುವ ಹಾಗಿರಲಿಲ್ಲ. ನಾವು ಬೆರಕೆ ಸೊಪ್ಪನ್ನು ಅಪರೂಪಕ್ಕೆ, ಹತ್ತು ಸೊಪ್ಪು ಬೆರೆಸಿ, ಬೇಯಿಸಿ ತಿನ್ನುತ್ತೇವೆ. ಗುಂಡ ತಿನ್ನೋದು ಹಸಿಯಾಗಿ, ದಿನಾ, ರುಚಿಸಿದ ಒಂದೇ ಗಿಡವನ್ನು ಬುಡದ ತನಕ. ಗಣಿಕೆ ಸೊಪ್ಪು ಬದನೆ, ಆಲೂಗಡ್ಡೆ ಕುಲದ್ದು. ಅದರ ಹಸಿರು ಕಾಯಿಯಲ್ಲಿ ಸೊಲನಿನ್ ವಿಷ ಇರುತ್ತೆ. ಗೋಣಿ, ದಂಟು, ಪಾಲಕ್‌ನಲ್ಲಿ ಆಕ್ಸಲೇಟ್ ಜಾಸ್ತಿ. ಅದು ಕ್ಯಾಲ್ಸಿಯಂ ಜೊತೆ ಅಂಟಿಕೊಂಡು ಮೈಗೆ ಸಿಗದ ಹಾಗೆ ಮಾಡುತ್ತೆ. ಚಿಪ್ಪು ಕಟ್ಟುವ ಪ್ರಾಣಿಗೆ ಇದಕ್ಕಿಂತ ನಷ್ಟ ಬೇರೆ ಇಲ್ಲ.

"ನಾವ್ ತಿನ್ನೋ ಸೊಪ್ಪು ಅದಕ್ಕಾಗಲ್ವಂತಾ?" ಅಂತ ಅಮ್ಮನಿಗೆ ಬೇಜಾರು. ಆದರೂ ಅವಳೇ ಒಂದು ಉದಾಹರಣೆ ಕೊಟ್ಟಳು. ಎಳೆ ಜೋಳದ ಪೈರು ತಿಂದು ಹೊಟ್ಟೆ ಉಬ್ಬರಿಸಿ ಸತ್ತ ಹಸುವಿನ ಕಥೆ. ಅದೇ ಜೋಳ ಬಲಿತ ಮೇಲೆ ಒಳ್ಳೆ ಮೇವು, ಎಳೆಯದರಲ್ಲಿ ಸಯನೈಡ್ ಹುಟ್ಟುತ್ತೆ. ಗಿಡ ಒಳ್ಳೆಯದಾ ಕೆಟ್ಟದ್ದಾ ಅಂತ ಕೇಳಿದರೆ ಸಾಲದು. ಯಾರಿಗೆ, ಯಾವಾಗ, ಎಷ್ಟು ಅಂತಲೂ ಕೇಳಬೇಕು ಅನ್ನೋದು ಅವಳಿಗೆ ಮೊದಲೇ ಗೊತ್ತಿತ್ತು.

ಎರಡು ಕಳ್ಳಿ, ನಾಲ್ಕು ಕಣಗಿಲೆ

ನಾಗಮಂಗಲದ ಕಡೆ ಅಜ್ಜಿಯ ಊರು. ನಾಲೆ ನೀರಿನ ಪಾಂಡವಪುರದಿಂದ ಅಲ್ಲಿಗೆ ಹೋದರೆ ಕಣ್ಣೆದುರೇ ನೆಲದ ಬಣ್ಣ ಬದಲಾಗುತ್ತೆ. ಮಳೆ ನಂಬಿದ ರಾಗಿ ಹೊಲ, ಹುರುಳಿ, ಬೇಲಿ ತುಂಬ ಕಳ್ಳಿ. ಒಣ ನೆಲದ ಆಮೆಗೆ ಒಣ ನೆಲದ ಊಟ ಅಂತ ಖುಷಿಯಾಗಿ ಬೇಲಿಯ ಕಳ್ಳಿಗೆ ಕೈ ಹಾಕಿದೆ. ಅಜ್ಜಿ ಜಗಲಿ ಮೇಲಿಂದಲೇ ಕೂಗಿದಳು:

"ಅಯ್ಯೋ, ಅದಲ್ಲ ಕಣಪ್ಪ! ಹಾಲ್ ಬತ್ತದೆ ಅದ್ರಲ್ಲಿ, ಕಣ್ಣಿಗ್ ಬಿದ್ರೆ ಕಣ್ಣೇ ಹೊಯ್ತದೆ. ಪಾಪಸ್‌ಕಳ್ಳಿ ಆ ಕಡೆ ಅದೆ ನೋಡು."

ಪಾಪಸುಕಳ್ಳಿ ಒಪನ್ಷಿಯಾ, ಅಮೆರಿಕದಿಂದ ಬಂದ ನಿಜವಾದ ಕ್ಯಾಕ್ಟಸ್. ಚಪ್ಪಟೆ ತಟ್ಟೆಗಳು, ಮುರಿದರೆ ನೀರಿನಂಥ ಲೋಳೆ, ತುಂಬ ಕ್ಯಾಲ್ಸಿಯಂ. ಆಮೆಗೆ ಒಳ್ಳೆಯದು. ಬೇಲಿಯ ಚದುರಗಳ್ಳಿ ಯೂಫೋರ್ಬಿಯಾ ಜಾತಿ. ಮುರಿದರೆ ಬಿಳಿ ಹಾಲು, ಬಾಯಿ, ಹೊಟ್ಟೆ ಸುಡುವ ವಿಷ. ಎರಡಕ್ಕೂ ನಾವು ಕಳ್ಳಿ ಅಂತೀವಿ, ಆದರೆ ಎರಡೂ ನೆಂಟರೇ ಅಲ್ಲ.

ಹಾಗಂತ "ಹಾಲು ಬಂದರೆ ವಿಷ" ಅಂತ ರೂಲ್ ಮಾಡಿಕೊಳ್ಳುವ ಹಾಗೂ ಇಲ್ಲ. ಹಿಪ್ಪುನೇರಳೆ ಎಲೆ ಕಿತ್ತರೂ ಹಾಲು ಬರುತ್ತೆ, ಅದು ಆಮೆಗೆ ಮೃಷ್ಟಾನ್ನ.

ಕಳ್ಳಿಯಲ್ಲಿ ಮೋಸ ಮಾಡಿದ ಹೆಸರು ಕಣಗಿಲೆಯಲ್ಲಿ ಕಾಪಾಡುತ್ತೆ. ಕಣಗಿಲೆ, ಹಳದಿ ಕಣಗಿಲೆ, ಹಿತ್ತಲಲ್ಲಿ ವರ್ಷವಿಡೀ ಹೂ ಬಿಡುವ ಕಾಶಿ ಕಣಗಿಲೆ, ದೇವಸ್ಥಾನದ ಬಳಿಯ ದೇವಕಣಗಿಲೆ. ಈ ನಾಲ್ಕೂ ಒಂದೇ ಕುಟುಂಬದವು, ಸಸ್ಯಶಾಸ್ತ್ರದಲ್ಲಿ ಅಪೊಸೈನೇಸಿ. ಯಾವುದೂ ಆಮೆಗೆ ಆಗಲ್ಲ. ಮೊದಲ ಎರಡರ ಎಲೆ, ಹೂ, ಕಾಂಡ, ಬೀಜ ಎಲ್ಲದರಲ್ಲೂ ಹೃದಯದ ಬಡಿತವನ್ನೇ ಕೆಡಿಸುವ ವಿಷ ಇದೆ. ಒಣಗಿದರೂ ವಿಷ ಹೋಗಲ್ಲ. ಯಾವ ಕಾಲದಲ್ಲಿ ಯಾರು ಇಟ್ಟ ಹೆಸರೋ, ಕುಟುಂಬವನ್ನು ಸರಿಯಾಗೇ ಗುರುತಿಸಿದ್ದಾರೆ.

ಅವತ್ತಿಂದ ನಾನೊಂದು ಶೀಟ್ ಶುರು ಮಾಡಿದೆ. ಮೊದಲ ಕಾಲಂ ಅಮ್ಮ ಅಥವಾ ಅಜ್ಜಿ ಹೇಳಿದ ಹೆಸರು. ಎರಡನೆಯದು ವೈಜ್ಞಾನಿಕ ಹೆಸರು. ಅದಕ್ಕೆ ಆ್ಯಪ್ ಒಂದನ್ನೇ ನಂಬದೆ ಭಾರತೀಯ ವಿಜ್ಞಾನ ಸಂಸ್ಥೆಯವರ ಕರ್ನಾಟಕ ಸಸ್ಯಗಳ ಡಿಜಿಟಲ್ ಕೋಶದ ಚಿತ್ರಗಳ ಜೊತೆ ಹೋಲಿಸುತ್ತೇನೆ. ಮೂರನೆಯದು ಎಲೆ ಜೋಡಣೆ, ಹೂ, ಹಾಲು, ವಾಸನೆ. ನಾಲ್ಕನೆಯದು ಬೆಳೆದ ಜಾಗ. ಹೂ ಬಿಡುವ ತನಕ ಗುರುತು ಖಚಿತವಾಗದ ಗಿಡ ಗುಂಡನ ತಟ್ಟೆಗೆ ಹೋಗಲ್ಲ. ಎಳೆಯ ಕಾಂಗ್ರೆಸ್ ಗಿಡ ಥೇಟ್ ಸೇವಂತಿಗೆ ಸಸಿ ಥರಾನೇ ಇರುತ್ತೆ, ನೆನಪಿರಲಿ.

ನಾಲೆ ಏರಿಯ ಹುಲ್ಲು

ನಾಲ್ಕನೇ ಕಾಲಂ ಯಾಕೆ ಬಂತು ಅಂತ ಹೇಳಬೇಕು. ಇದು ನನ್ನದೇ ತಪ್ಪು.

ಶ್ರೀರಂಗಪಟ್ಟಣದಲ್ಲಿ ನನ್ನ ಹೆಂಡತಿಯ ತವರು. ಒಂದು ಶನಿವಾರ ಅತ್ತೆ ಮನೆಯಲ್ಲಿ ಊಟ ಮುಗಿಸಿ ಹೊರಟಾಗ ನಾಲೆ ಏರಿ ಮೇಲೆ ಸೊಂಪಾದ ಗರಿಕೆ ಕಂಡಿತು. ಗರಿಕೆ ಬಗ್ಗೆ ಅನುಮಾನವೇ ಇಲ್ಲ, ಗಣೇಶನ ಹಬ್ಬಕ್ಕೆ ಕಿತ್ತು ಗೊತ್ತಿರುವ ಹುಲ್ಲು. ಎರಡು ಚೀಲ ಕುಯ್ದು ಡಿಕ್ಕಿಗೆ ಹಾಕಿದೆ.

ಸೋಮವಾರ ಗುಂಡ ಗೂಡಿನಿಂದ ಆಚೆ ಬರಲಿಲ್ಲ. ಮಂಗಳವಾರ ಭೇದಿ. ಕತ್ತು ಒಳಗೆಳೆದುಕೊಂಡು ಕೂತವನು ದಾಸವಾಳ ಹಿಡಿದರೂ ಕಣ್ಣು ಬಿಡಲಿಲ್ಲ. ಮಾವನಿಗೆ ಫೋನ್ ಮಾಡಿದೆ. ಅವರು ವಿಚಾರಿಸಿ ವಾಪಸ್ ಮಾಡಿದರು: "ಅಲ್ಲಿ ಶುಕ್ರವಾರ ಕಳೆ ಔಷಧಿ ಹೊಡ್ದಿದ್ರಂತೆ ಕಣಪ್ಪ. ಒಂದ್ ಮಾತು ಕೇಳ್ಬಾರ್ದಿತ್ತಾ?"

ಎಷ್ಟೋ ಕಳೆನಾಶಕಗಳು ಹೊಡೆದ ದಿನವೇ ಹುಲ್ಲನ್ನು ಒಣಗಿಸಲ್ಲ. ನಾಲ್ಕೈದು ದಿನ, ಕೆಲವೊಮ್ಮೆ ವಾರ, ಹಸಿರಾಗೇ ನಿಂತಿರುತ್ತೆ. ಗಿಡ ಸರಿ ಇತ್ತು, ಹೆಸರು ಸರಿ ಇತ್ತು, ಜಾಗ ತಪ್ಪಿತ್ತು. ಲ್ಯಾಬ್ ಪರೀಕ್ಷೆಯೇನೂ ಆಗಲಿಲ್ಲ, ಆದರೆ ಬೇರೆ ಕಾರಣ ನಮಗೆ ಕಾಣಲಿಲ್ಲ. ಬೆಂಗಳೂರಿಗೆ ಕರೆದೊಯ್ದು ಡ್ರಿಪ್ ಕೊಡಿಸಿದ್ದಾಯ್ತು. ಆಮೇಲೆ ದಿನಾ ಅಗಲ ಬೇಸಿನ್‌ನಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಬೇಕಿತ್ತು. ನಾನು ಸೋಮವಾರದಿಂದ ಶುಕ್ರವಾರ ಆಫೀಸಿಗೆ ಹೋಗಲೇಬೇಕು. ಆ ಕೆಲಸ ಮಾಡಿದ್ದು, ಕಣಗಿಲೆ ವಿಷಯಕ್ಕೆ ನನ್ನ ಜೊತೆ ಸರಿಯಾಗಿ ಮಾತಾಡದಿದ್ದ ಅಮ್ಮ. ಒಂಬತ್ತನೇ ದಿನ ಬೆಳಗ್ಗೆ ವಿಡಿಯೊ ಕಳಿಸಿದಳು. ಗುಂಡ ಒಂದು ದಾಸವಾಳದ ಹೂ ಕಚ್ಚಿ ಎಳೆಯುತ್ತಿದ್ದ. ಹಿನ್ನೆಲೆಯಲ್ಲಿ ಅಮ್ಮನ ದನಿ: "ತಿನ್ನು ಮಗ, ತಿನ್ನು." ಮೀಟಿಂಗ್ ಮಧ್ಯೆ ಮೈಕ್ ಮ್ಯೂಟ್ ಮಾಡಿ ಕಣ್ಣೊರೆಸಿಕೊಂಡೆ.

ರೇಷ್ಮೆ ಹುಳದ ಪಾಠ

ಕೆ.ಆರ್. ಪೇಟೆಯಲ್ಲಿ ಅಕ್ಕನ ಮನೆ. ಭಾವನಿಗೆ ಹಿಪ್ಪುನೇರಳೆ ತೋಟ, ರೇಷ್ಮೆ ಸಾಕಣೆ. ನಾಲೆ ಏರಿ ಕಥೆ ಕೇಳಿ ಭಾವ ನಕ್ಕರು. "ನಮ್ ಹುಳಕ್ಕೆ ಒಂಚೂರು ಔಷಧಿ ವಾಸ್ನೆ ಬಡಿದ್ರೂ ಮನೆ ಹುಳ ಪೂರ್ತಿ ಹೋಯ್ತದೆ. ಅದಕ್ಕೇ ತೋಟಕ್ಕೆ ಏನ್ ಹೊಡುದ್ರೂ ಇಷ್ಟ್ ದಿನ ಅಂತ ಲೆಕ್ಕ ಇಟ್ಟೇ ಸೊಪ್ಪು ಕುಯ್ಯದು. ಹುಳ ತಿಂದ್ ಬದುಕಿದ್ರೆ ನಿನ್ ಆಮೆನೂ ತಿನ್ಬೋದು ಬುಡು."

ಇದಕ್ಕಿಂತ ಒಳ್ಳೆ ಟೆಸ್ಟಿಂಗ್ ನಮ್ಮ ಕಂಪನಿಯಲ್ಲೂ ಇಲ್ಲ. ಹುಳಕ್ಕೆ ಹಾಕುವ ದಿನವೇ ಕುಯ್ದ ಸೊಪ್ಪನ್ನು ಮಾತ್ರ ತರುತ್ತೇನೆ. ಬರುವಾಗ ಭಾವ ಹತ್ತು ಕಡ್ಡಿಯನ್ನೂ ಕತ್ತರಿಸಿ ಕೊಟ್ಟರು.

ಹಿತ್ತಲಲ್ಲಿ ಈಗ ಏನಿದೆ

ಹೊರಗಿನದನ್ನು ನಂಬುವುದಕ್ಕಿಂತ ಬೆಳೆದುಕೊಳ್ಳುವುದೇ ವಾಸಿ ಅಂತ ನಿರ್ಧರಿಸಿದೆವು. ನಿಮಗೆ ಆಮೆ ಇಲ್ಲದಿದ್ದರೂ ಇವು ಹಿತ್ತಲಿಗೆ ಚಂದ.

ಗರಿಕೆ: ಬೇರುಗಂಟು ಇರುವ ತುಂಡುಗಳನ್ನು ಗೇಣಿಗೊಂದು ನೆಟ್ಟು ನೀರು ಕೊಟ್ಟರೆ ಹಬ್ಬುತ್ತೆ. ಎರಡು ಮಡಿ ಮಾಡಿದ್ದೇವೆ. ಒಂದನ್ನು ಮೇಯುವಾಗ ಇನ್ನೊಂದು ಚಿಗುರುತ್ತೆ.

ಒಣ ರಾಗಿ ಹುಲ್ಲು: ಅಜ್ಜಿ ಮನೆಯ ಮೆದೆಯಿಂದ ಬರುತ್ತೆ. ಸಣ್ಣಗೆ ಕತ್ತರಿಸಿ, ನೀರು ಚಿಮುಕಿಸಿ, ಹಸಿರು ಸೊಪ್ಪಿನ ಜೊತೆ ಬೆರೆಸಬೇಕು. ಬೂಷ್ಟು ಹಿಡಿದದ್ದು ಬೇಡ.

ದಾಸವಾಳ: ಪೆನ್ಸಿಲ್ ದಪ್ಪದ ಗೇಣುದ್ದ ಕಡ್ಡಿ ಮಳೆಗಾಲದಲ್ಲಿ ನೆಟ್ಟರೆ ಸಾಕು. ಎಲೆ, ಹೂ ಎರಡೂ ಆಗುತ್ತೆ. ನರ್ಸರಿಯಿಂದ ತಂದ ಗಿಡವಾದರೆ ಬೇರಿನಿಂದ ಏರುವ ಕೀಟನಾಶಕ ಹಾಕಿರಬಹುದು. ಕೆಲವು ತಿಂಗಳು ಬಿಟ್ಟು ಹೊಸ ಚಿಗುರು ಮಾತ್ರ ಕೊಡಿ.

ಹಿಪ್ಪುನೇರಳೆ: ಮೂರು ನಾಲ್ಕು ಕಣ್ಣಿರುವ ಕಡ್ಡಿ. ಭಾವ ಕೊಟ್ಟ ಹತ್ತರಲ್ಲಿ ಏಳು ಚಿಗುರಿವೆ.

ಪಾಪಸುಕಳ್ಳಿ: ತಟ್ಟೆಯನ್ನು ಒಂದು ವಾರ ನೆರಳಲ್ಲಿಟ್ಟು ಗಾಯ ಒಣಗಿದ ಮೇಲೆ ಮರಳು ಬೆರೆತ ಮಣ್ಣಿಗೆ ನೆಡಿ. ಕೊಡುವ ಮುಂಚೆ ಮುಳ್ಳನ್ನೂ ಕಣ್ಣಿಗೆ ಕಾಣದ ಸಣ್ಣ ಸುಂಕನ್ನೂ ಒಲೆ ಉರಿಯಲ್ಲಿ ಸುಟ್ಟು ಉಜ್ಜಿ ತೆಗೆಯಬೇಕು.

ಅಪರೂಪಕ್ಕೆ ಮಾತ್ರ: ಕುಂಬಳದ ಎಲೆ ಮತ್ತು ಹೂ, ಔಷಧಿ ಕಾಣದ ಗುಲಾಬಿ ಪಕಳೆ, ನುಗ್ಗೆ ಸೊಪ್ಪು, ಹೊನಗೊನ್ನೆ. ನುಗ್ಗೆಯಲ್ಲಿ ಕ್ಯಾಲ್ಸಿಯಂ ಇದೆ, ಆದರೆ ಪ್ರೋಟೀನೂ ಜಾಸ್ತಿ. ಕುದುರೆ ಮಸಾಲೆ ಸೊಪ್ಪೂ ಅಷ್ಟೇ.

ಬೇಡವೇ ಬೇಡ: ಎಲ್ಲಾ ಕಣಗಿಲೆಗಳು, ಎಕ್ಕ, ದತ್ತೂರ, ಹರಳು, ಗುಲಗಂಜಿ, ಲಂಟಾನ, ಕಾಂಗ್ರೆಸ್ ಗಿಡ, ಹಾಲಿನ ಕಳ್ಳಿಗಳು, ಗೌರಿ ಹೂವಿನ ಬಳ್ಳಿ, ಟೊಮೆಟೊ ಮತ್ತು ಆಲೂಗಡ್ಡೆ ಎಲೆ, ಹಸಿ ಕೆಸು. ಅಪಾರ್ಟ್‌ಮೆಂಟಿನವರು ಗಮನಿಸಿ: ಮನಿ ಪ್ಲಾಂಟ್, ಡಿಫೆನ್‌ಬಾಕಿಯಾ ಕೂಡ ಇದೇ ಪಟ್ಟಿಗೆ. ಕಚ್ಚಿದರೆ ಸೂಜಿಯಂಥ ಹರಳುಗಳು ಬಾಯಿಗೆ ಚುಚ್ಚಿ ಊದಿಕೊಳ್ಳುತ್ತೆ. ನಾಯಿ, ಬೆಕ್ಕು, ಅಂಬೆಗಾಲಿಡುವ ಮಗು ಇರುವ ಮನೆಗೂ ಈ ಪಟ್ಟಿ ಉಪಯೋಗಕ್ಕೆ ಬರುತ್ತೆ.

ಇದು ಹುಲ್ಲು ಮೇಯುವ ಸಲ್ಕಾಟಾಗೆ ಹೊಂದುವ ಲೆಕ್ಕ. ರೆಡ್-ಫುಟ್‌ನಂಥ ಜಾತಿಗೆ ಸ್ವಲ್ಪ ಹಣ್ಣೂ ಬೇಕು. ಯಾವುದಕ್ಕೂ ಸರೀಸೃಪ ನೋಡುವ ಪಶುವೈದ್ಯರ ನಂಬರ್ ಮೊದಲು ಹುಡುಕಿಟ್ಟುಕೊಳ್ಳಿ.

ಕಣಗಿಲೆ ಏನಾಯ್ತು?

ಗುಂಡ ಹುಷಾರಾದ ಮೇಲೆ ನಾನು ಕಣಗಿಲೆ ಮಾತು ಎತ್ತಲಿಲ್ಲ. ಎತ್ತಿದ್ದು ಅಮ್ಮನೇ.

"ನಿನ್ ಆಮೆ ಬತ್ತದೆ ಅಂತ ನಾನ್ ಗಿಡ ಕಡಿಯಲ್ಲ. ಗಿಡ ಐತೆ ಅಂತ ಆಮೆನ ಸಾಯ್ಸೋದೂ ಇಲ್ಲ. ಬೇಲಿ ಹಾಕ್ಸು."

ನಾನು ಯೋಚಿಸಿದ್ದು ಒಂದು ಗಿಡ ಇರಬೇಕಾ ಬೇಡವಾ ಅಂತ. ಅವಳು ಯೋಚಿಸಿದ್ದು ಯಾರು ಎಲ್ಲಿರಬೇಕು ಅಂತ. ಮನೆ ಹಿಂದೆ, ಕಣಗಿಲೆಯಿಂದ ದೂರ, ಗಾಳಿಗೆ ಎಲೆ ಹಾರಿ ಬಾರದ ಮೂಲೆಯಲ್ಲಿ ಮಂಡಿಯುದ್ದದ ಇಟ್ಟಿಗೆ ಗೋಡೆ ಕಟ್ಟಿಸಿದೆವು. ಗುಂಡ ನೆಲ ತೋಡುವ ಆಸಾಮಿ, ಹಾಗಾಗಿ ಎರಡಡಿ ಆಳದಿಂದಲೇ ಪಾಯ. ಒಳಗೆ ಗರಿಕೆ ಮಡಿ, ಮಳೆಗೆ ನೆನೆಯದ ಗೂಡು. ಅಮ್ಮ ಬೆಳಗ್ಗೆ ಕಣಗಿಲೆ ಹೂ ಕಿತ್ತು ಪೂಜೆ ಮುಗಿಸಿ, ಕೈ ಸೋಪು ಹಾಕಿ ತೊಳೆದು, ಆಮೇಲೆ ದಾಸವಾಳ ಕಿತ್ತು ಹಿಂದಕ್ಕೆ ಹೋಗುತ್ತಾಳೆ. ಬಾಡಿದ ಪೂಜೆ ಹೂ ಈಗ ತಿಪ್ಪೆಗಲ್ಲ, ಮುಚ್ಚಳ ಇರುವ ಡಬ್ಬಕ್ಕೆ.

ನನ್ನ ಶೀಟ್‌ನಲ್ಲಿ ಇವತ್ತಿಗೆ 63 ಸಾಲು ಇದೆ. ಅದರಲ್ಲಿ ಒಂಬತ್ತು ಗಿಡಗಳಿಗೆ ಅಮ್ಮ ಹೇಳಿದ ಹೆಸರು ನನಗೆ ಬೇರೆಲ್ಲೂ ಸಿಕ್ಕಿಲ್ಲ. ಅವು ಅವಳ ನಾಲಿಗೆಯಲ್ಲಿ ಮಾತ್ರ ಇದ್ದವು. ಹೆಸರಿನ ಜೊತೆ ಅವಳ ದನಿಯನ್ನೂ ರೆಕಾರ್ಡ್ ಮಾಡಿಟ್ಟಿದ್ದೇನೆ.

ಇದನ್ನು ಓದಿ ಆಮೆ ತರಬೇಡಿ. ಐವತ್ತು ವರ್ಷದ ಜವಾಬ್ದಾರಿ ಅದು, ನನ್ನ ಹಾಗೆ ಅಮ್ಮನ ತಲೆಗೆ ಕಟ್ಟಬೇಡಿ. ಬೇಕಾದರೆ ಇಷ್ಟು ಮಾಡಿ: ಮುಂದಿನ ಸಲ ಊರಿಗೆ ಹೋದಾಗ ಅಮ್ಮನೋ ಅಜ್ಜಿಯೋ ಜೊತೆಗಿದ್ದರೆ ಹಿತ್ತಲಿನ ಹತ್ತು ಗಿಡದ ಹೆಸರು ಕೇಳಿ, ಬರೆದುಕೊಳ್ಳಿ.

ನಿನ್ನೆ ರಾತ್ರಿ ಅಮ್ಮ ಫೋನ್ ಮಾಡಿದ್ದಳು. ನಾನು ಊಟ ಮಾಡಿದೆನಾ ಅಂತ ಕೇಳಲಿಲ್ಲ. "ಶನಿವಾರ ಬರೋವಾಗ ಅಜ್ಜಿ ಮನೆಯಿಂದ ರಾಗಿ ಹುಲ್ಲು ತಗಂಬಾ, ಖಾಲಿಯಾಗೈತೆ" ಅಂದಳು.